ಬೂದಿ ಬುಧವಾರದ ಬೂದಿಯನ್ನು ನಾವೇ ಮಾಡುವ ಬಗೆ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ, ಬೂದಿ ಬುಧವಾರ, ಕ್ರೈಸ್ತರಾದ ನಾವು ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬರುತ್ತದೆ ಅಂತ ನಮ್ಮ ಮಕ್ಕಳಲ್ಲಿ ಸುಮಾರು ಜನರಿಗೆ ಗೊತ್ತಿಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಯೇಸು ಯೆರೂಸಲೇಮಿಗೆ ಬಂದದ್ದನ್ನು ನೆನೆಯುವ ಈಸ್ಟರ್‌ಗೆ ಮುಂಚಿನ ಭಾನುವಾರ, ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ನಮ್ಮ ಇಗರ್ಜಿಯಲ್ಲಿ ಆ ಕೆಲಸ ನನ್ನದು. ಕಾಸರಗೋಡಿನ ಬೇಳ, ಕಯ್ಯಾರು ಕಡೆ ಯಾರಾದರೂ ಹೊಸದಾಗಿ ಮಾಡುವವರಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಯೇಸು ಯೆರೂಸಲೇಮಿಗೆ ಬಂದಾಗ ಜನ ಹಿಡಿದದ್ದು ಖರ್ಜೂರದ ಗರಿ. ಇಟಲಿಯಲ್ಲಿ ಆಲಿವ್ ಕೊಂಬೆ ಹಿಡಿಯುತ್ತಾರೆ, ನಮ್ಮಲ್ಲಿ ತೆಂಗಿನ ಗರಿ. ಅದನ್ನು ಶಿಲುಬೆಯ ಹಾಗೆ ಹೆಣೆದು ಮನೆಯ ಆಲ್ತಾರಿನಲ್ಲಿ (ಪ್ರಾರ್ಥನೆಯ ಪೀಠದಲ್ಲಿ) ವರ್ಷವಿಡೀ ಇಡುತ್ತೇವೆ. ಆಶೀರ್ವದಿಸಿದ್ದು ಅಲ್ವಾ, ಕಸಕ್ಕೆ ಹಾಕುವ ಹಾಗಿಲ್ಲ.

ಇಗರ್ಜಿಯಲ್ಲಿ ಮಿಕ್ಕಿದ ಗರಿಯನ್ನೇ ಸುಟ್ಟರೂ ಬೂದಿ ಸಾಕಾಗುತ್ತದೆ. ಆದರೂ ನಾನು ಗುರ್ಕಾರರಿಗೆ (ಇಗರ್ಜಿಯ ಒಂದೊಂದು ವಾಡೆಯ ಮುಖಂಡರಿಗೆ) ಮೊದಲೇ ಹೇಳಿ ಮನೆಮನೆಯಿಂದ ತರಿಸುತ್ತೇನೆ. ಒಬ್ಬರು ಅಜ್ಜಿ, ತೀರಿಹೋದ ಗಂಡ ಕೊನೆಯ ಸಲ ಹೆಣೆದ ಶಿಲುಬೆಯನ್ನು ತಾವೇ ನಡೆದು ಬಂದು ಕೊಟ್ಟರು. "ಬೇಕಾದರೆ ಇಟ್ಟುಕೊಳ್ಳಿ, ಬೇರೆ ತುಂಬಾ ಉಂಟು" ಅಂದೆ. "ಬೇಡ ಪುತಾ (ಮಗಾ), ಇದೂ ಸೇರಲಿ" ಅಂದರು. ಹಾಗೆ ಎಲ್ಲರ ಮನೆಯದ್ದೂ ಸೇರಿದ ಬೂದಿಯೇ ಎಲ್ಲರ ಹಣೆಗೂ ಬರಬೇಕು ಅನ್ನೋದು ನನ್ನ ಆಸೆ, ತಯಾರಾದ ಬೂದಿ ತರಿಸುವುದು ಎಷ್ಟೇ ಸುಲಭ ಆಗಿದ್ದರೂ.

ಗರಿಯ ಕಡ್ಡಿ ಬಿಡಿಸಿ ತೆಗೆದು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಹಳೇ ಕಬ್ಬಿಣದ ಬಾಣಲೆಯಲ್ಲಿ, ಗಾಳಿ ಇಲ್ಲದ ಕಡೆ, ಸ್ವಲ್ಪ ಸ್ವಲ್ಪವೇ ಹಾಕಿ ಸುಡುತ್ತೇನೆ. ಉರಿ ಇಳಿಯುತ್ತಿದ್ದ ಹಾಗೆ ಮುಚ್ಚಳ ಮುಚ್ಚಬೇಕು. ತೆರೆದಿಟ್ಟರೆ ಪೂರ್ತಿ ಸುಟ್ಟು ಬೆಳ್ಳಗಾಗುತ್ತದೆ, ಹಣೆಯಲ್ಲಿ ಕಾಣುವುದಿಲ್ಲ. ಮುಚ್ಚಿದರೆ ಕಪ್ಪಾಗಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಒಣಗಿದ ಡಬ್ಬಕ್ಕೆ ಹಾಕಿಡುತ್ತೇನೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಬೂದಿಗೆ ನೀರು ಸುರಿದು ಕಲಸಿಡಬಾರದು. ಬೂದಿ ನೀರು ಕ್ಷಾರ, ಚರ್ಮ ಸುಡಬಹುದು. ಆಶೀರ್ವಾದದ ಹೊತ್ತಿಗೆ ಫಾದರ್ ಚಿಮುಕಿಸುವ ತೀರ್ಥ ಸಾಕು. ಅಂಟಲಿ ಅಂತ ಇದ್ದರೆ ಒಂದೆರಡು ಹನಿ ತೆಂಗಿನೆಣ್ಣೆ ಹಾಕಬಹುದು.

ಇದು ಬಹಳ ಹಳೆಯ ಪದ್ಧತಿ. ಬೈಬಲ್ಲಿನ ಯೋನನ ಗ್ರಂಥದಲ್ಲಿ ನಿನೆವೆಯ ರಾಜ ಸಿಂಹಾಸನ ಬಿಟ್ಟು ಬೂದಿಯಲ್ಲಿ ಕೂರುತ್ತಾನೆ. ಮೊದಮೊದಲು ದೊಡ್ಡ ಪಾಪ ಮಾಡಿ ಎಲ್ಲರೆದುರು ಪ್ರಾಯಶ್ಚಿತ್ತ ಮಾಡುವವರಿಗೆ ಮಾತ್ರ ಬೂದಿ ಹಾಕುತ್ತಿದ್ದರು. ನಿಧಾನಕ್ಕೆ ಎಲ್ಲರೂ ಹಾಕಿಸಿಕೊಳ್ಳತೊಡಗಿದರು. 1091ರಲ್ಲಿ ಪೋಪ್ ಎರಡನೇ ಅರ್ಬನ್ ಕಾಲದ ಇಟಲಿಯ ಬೆನೆವೆಂತೊದಲ್ಲಿ ಸೇರಿದ ಧರ್ಮಗುರುಗಳ ಸಭೆ ಇದನ್ನು ಎಲ್ಲರಿಗೂ ವಿಧಿಸಿತು. ನನಗೆ ಇದು ದೊಡ್ಡ ವಿಷಯ ಅನಿಸುತ್ತದೆ. ಪಾಪಿ ಅವನೊಬ್ಬನೇ ಅಂತ ಬೆರಳು ತೋರಿಸೋದು ಬಿಟ್ಟು ಎಲ್ಲರೂ ಒಂದೇ ಸಾಲಲ್ಲಿ ನಿಂತರು. ಫಾದರ್ ಕೂಡ ಬೂದಿ ಹಾಕಿಸಿಕೊಳ್ಳುತ್ತಾರೆ.

ಬೂದಿ ಬುಧವಾರದ ದಿನ 18ರಿಂದ 59 ವಯಸ್ಸಿನವರಿಗೆ ಉಪವಾಸ, ಅಂದರೆ ಹೊಟ್ಟೆ ತುಂಬ ಊಟ ಒಂದೇ. 14 ತುಂಬಿದವರು ಮಾಂಸ ತಿನ್ನುವ ಹಾಗಿಲ್ಲ. ಹುಷಾರಿಲ್ಲದವರಿಗೆ ಉಪವಾಸದ ಕಡ್ಡಾಯ ಇಲ್ಲ, ಆದರೆ ಅವರಿಗೂ ಬೂದಿ ಬೇಕು ಅನಿಸುತ್ತದೆ. ಆಶೀರ್ವದಿಸಿದ ಬೂದಿಯನ್ನು ನೇಮಿಸಿದ ಸಾಮಾನ್ಯ ಭಕ್ತರೂ ಮನೆಗೆ ಕೊಂಡುಹೋಗಿ ಹಚ್ಚಬಹುದು, ಹಾಗಾಗಿ ಮಲಗಿದವರು ಇರುವ ಮನೆಯವರು ಗುರ್ಕಾರರಿಗೆ ಮೊದಲೇ ತಿಳಿಸಿಬಿಡಿ.