ಮೂರು ಕಪ್ಪು-ಬಿಳುಪು ಸ್ಲೈಡು, ಗೋಡೆ ಮೇಲೆ ಬಣ್ಣ

ಹರಿವಾಣದಲ್ಲಿ ಒಂದು ಹಿಡಿ ಮಲ್ಲಿಗೆ, ಕುಂಕುಮದ ಬಟ್ಟಲು, ಎರಡು ವೀಳ್ಯದೆಲೆ. ಟ್ರೈಪಾಡ್ ಅಲುಗದಂತೆ ಬಿಗಿದು ಇಷ್ಟನ್ನೇ ಕಪ್ಪು-ಬಿಳುಪು ಫಿಲ್ಮಿನಲ್ಲಿ ಮೂರು ಸಲ ತೆಗೆದೆ. 25ನೇ ನಂಬರಿನ ಕೆಂಪು ಫಿಲ್ಟರ್, 58ರ ಹಸಿರು, 47ರ ನೀಲಿ, ಒಂದೊಂದಕ್ಕೂ ಒಂದು ಫ್ರೇಮ್. ಹಗಲ ಬೆಳಕಿನಲ್ಲಿ ಕೆಂಪಿಗೆ 8 ಪಟ್ಟು, ಉಳಿದೆರಡಕ್ಕೆ 6 ಪಟ್ಟು ಎಕ್ಸ್‌ಪೋಷರ್ ಕೊಟ್ಟೆ. ಈ ಮೂರನ್ನೂ ಅವವೇ ಫಿಲ್ಟರಿನ ಮೂಲಕ ಗೋಡೆಯ ಮೇಲೆ ಒಂದರ ಮೇಲೊಂದು ಬಿಟ್ಟರೆ ಬಣ್ಣದ ಚಿತ್ರ ಮೂಡುತ್ತದೆ. 1861ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಿಬ್ಬನ್ನಿನ ಬಣ್ಣ ತೋರಿಸಿದ್ದು ಇದೇ ಉಪಾಯದಿಂದ.

ಪ್ರೊಜೆಕ್ಟರಿಗೆ ಹಾಕಲು ಕಪ್ಪು-ಬಿಳುಪು ಅದಲುಬದಲಾದ ನೆಗೆಟಿವ್ ಆಗದು, ಫಿಲ್ಮನ್ನೇ ಪಾಸಿಟಿವ್, ಅಂದರೆ ನೆಟ್ಟಗಿನ ಚಿತ್ರ, ಮಾಡಿಕೊಳ್ಳಬೇಕು. ಮೊದಲ ಡೆವಲಪರ್ 20 ಡಿಗ್ರಿಯಲ್ಲಿ 12 ನಿಮಿಷ. ಆಮೇಲೆ, ಮೊದಲು ಮೂಡಿದ ಬೆಳ್ಳಿಯನ್ನು ಕರಗಿಸುವ ಬ್ಲೀಚ್. ಒಂದು ಬಾಟಲಿಯಲ್ಲಿ ಲೀಟರಿಗೆ 4 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, ಹಿಂದೆ ಬಾವಿಗೆ ಹಾಕುತ್ತಿದ್ದೆವಲ್ಲ, ಅದೇ ನೇರಳೆ ಹರಳು. ಇನ್ನೊಂದರಲ್ಲಿ ಲೀಟರಿಗೆ 20 ಮಿ.ಲೀ. ಗಂಧಕಾಮ್ಲ. ಬಳಸುವ ಹೊತ್ತಿಗೆ ಎರಡನ್ನೂ ಸಮಸಮ ಬೆರೆಸುವುದು. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಲೇಬಾರದು. ಕಂದು ಕಲೆಯನ್ನು ಸೋಡಿಯಂ ಮೆಟಾಬೈಸಲ್ಫೈಟಿನಲ್ಲಿ ಕಳೆದು, ಫಿಲ್ಮಿನ ಎರಡೂ ಮಗ್ಗುಲಿಗೆ ಬಲ್ಬಿನ ಬೆಳಕು ಬಿಟ್ಟು ಮತ್ತೆ ಡೆವಲಪ್ ಮಾಡಿದರೆ ಉಳಿದದ್ದೆಲ್ಲ ಕಪ್ಪಾಗಿ ಪಾಸಿಟಿವ್ ಬರುತ್ತದೆ. ಕೊನೆಗೆ ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್.

ಮೊದಲ ರೋಲು ಕೈಬಿಟ್ಟುಹೋಯಿತು. ಏಪ್ರಿಲ್ ತಿಂಗಳು, ಮೇಲಿನ ಟ್ಯಾಂಕಿನ ನೀರು ಕಾದಿತ್ತು. ಬ್ಲೀಚ್ ಆದಮೇಲೆ ತೊಳೆಯುತ್ತಿದ್ದ ಹಾಗೇ ಎಮಲ್ಷನ್, ಅಂದರೆ ಚಿತ್ರ ಹೊತ್ತ ಜೆಲಟಿನ್ ಪದರ, ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿತು. ಪರ್ಮಾಂಗನೇಟಿಗೆ ಜೆಲಟಿನ್ ಮೆತ್ತಗಾಗುತ್ತದೆ, ಬಿಸಿನೀರು ತಗುಲಿದರೆ ಮುಗಿಯಿತು. ಎರಡು ದಿನ ಮನಸ್ಸೇ ಸರಿ ಇರಲಿಲ್ಲ. ಮುಂದಿನ ಸಲ ತೊಳೆಯುವ ನೀರನ್ನೂ ಐಸ್ ಇಟ್ಟು 20ಕ್ಕೆ ಇಳಿಸಿದೆ, ಒಣಗುವವರೆಗೂ ಫಿಲ್ಮಿಗೆ ಬೆರಳು ತಾಗಿಸಲಿಲ್ಲ.

ಒಣಗಿದ ಮೂರು ಫ್ರೇಮನ್ನು ಕಿಟಕಿಗೆ ಹಿಡಿದು ನೋಡಿದೆ. ಕೆಂಪು ಫಿಲ್ಟರಿನದರಲ್ಲಿ ಕುಂಕುಮ ಬಿಳಿ ಹಿಟ್ಟು. ಹಸಿರು, ನೀಲಿಯವುಗಳಲ್ಲಿ ಅದೇ ಕುಂಕುಮ ಕಾಡಿಗೆ. ಮಲ್ಲಿಗೆ ಮಾತ್ರ ಮೂರರಲ್ಲೂ ಬಿಳಿ.

ನನ್ನದೊಂದು, ಎರವಲು ಎರಡು, ಹೀಗೆ ಮೂರು ಪ್ರೊಜೆಕ್ಟರ್ ಸಾಲಾಗಿಟ್ಟು, ತೆಗೆಯುವಾಗ ಬಳಸಿದ ಫಿಲ್ಟರುಗಳನ್ನೇ ಲೆನ್ಸಿನ ಮುಂದೆ ಹಿಡಿಸಿದೆ. ಬಟ್ಟಲಿನ ಅಂಚು ಒಂದರ ಮೇಲೊಂದು ಕೂರಿಸಲು ಗಂಟೆ ಹಿಡಿಯಿತು. ಕೂತ ಮೇಲೂ ಮಲ್ಲಿಗೆ ಅರಿಸಿನ ಬಳಿದ ಹಾಗಿತ್ತು. ಹ್ಯಾಲೊಜನ್ ಬಲ್ಬಿನಲ್ಲಿ ನೀಲಿ ಬೆಳಕು ಕಡಿಮೆ. ನೀಲಿಯನ್ನು ಹೆಚ್ಚಿಸುವ ದಾರಿಯಿಲ್ಲ, ಉಳಿದೆರಡನ್ನು ತಗ್ಗಿಸಬೇಕು. ರಟ್ಟಿನಲ್ಲಿ ತೂತು ಕೊರೆದು ಆ ಎರಡು ಲೆನ್ಸುಗಳ ಮುಂದಿಟ್ಟೆ, ಸಾಲದಾದಾಗ ಇನ್ನೂ ಸಣ್ಣ ತೂತಿನ ರಟ್ಟು. ನಾಲ್ಕನೇ ರಟ್ಟಿಗೆ ಹೂವು ಬೆಳ್ಳಗಾಯಿತು, ಎಲೆ ಹಸಿರಾಯಿತು.

ಅಮ್ಮ ಗೋಡೆಯ ಹತ್ತಿರ ಹೋಗಿ ಉಂಗುರದ ಬೆರಳನ್ನು ಕುಂಕುಮದ ಮೇಲಿಟ್ಟರು. ಅವರ ನೆರಳಿನ ಅಂಚಿನಲ್ಲೂ ಮೂರು ಬಣ್ಣ ಬಂತು.