ಏರದ ಪಿಂಚಣಿಯಲ್ಲಿ ಸಂಸಾರ: ಹಟ್ಟಿ, ತೋರಣಗಲ್ಲು, ಗಂಗಾವತಿ ಕಡೆಯ ಇಪಿಎಸ್ ನಿವೃತ್ತರಿಗೆ

ಸರ್ಕಾರಿ ನೌಕರರ ಪಿಂಚಣಿಗೆ ತುಟ್ಟಿಭತ್ಯೆ ಇದೆ. ಹಟ್ಟಿ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಾರಿಗೆ ನಿಗಮ, ಗಂಗಾವತಿ–ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ದುಡಿದವರಿಗೆ ಸಿಗುವುದು ಇಪಿಎಸ್-95ರ, ಅಂದರೆ ಪಿಎಫ್ ಇಲಾಖೆಯ 1995ರ ನೌಕರರ ಪಿಂಚಣಿ ಯೋಜನೆಯ, ಪಿಂಚಣಿ. ಅದಕ್ಕೆ ತುಟ್ಟಿಭತ್ಯೆ ಇಲ್ಲ. 58ನೇ ವಯಸ್ಸಿಗೆ ಎಷ್ಟು ನಿಗದಿಯಾಯಿತೋ 80ನೇ ವಯಸ್ಸಿಗೂ ಅಷ್ಟೇ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ಎರಡು ಪಟ್ಟಾಗುತ್ತವೆ. 58ಕ್ಕೆ ಹತ್ತು ಸಾವಿರದಲ್ಲಿ ನಡೆದ ಮನೆಗೆ 70ಕ್ಕೆ ಇಪ್ಪತ್ತು, 82ಕ್ಕೆ ನಲವತ್ತು ಸಾವಿರ ಬೇಕು. ನಿವೃತ್ತಿಯ ಮೊದಲ ಮೂರು ತಿಂಗಳಲ್ಲಿ ಮಾಡುವ ನಿರ್ಧಾರಗಳು ಈ ಲೆಕ್ಕ ಮುಂದಿಟ್ಟುಕೊಂಡೇ ಆಗಬೇಕು.

ಮೊದಲು ನಿಮ್ಮ ಪಿಂಚಣಿ ಎಷ್ಟೆಂದು ನೀವೇ ಲೆಕ್ಕ ಹಾಕಿ. ಸೂತ್ರ ಸರಳ: ಪಿಂಚಣಿಗೆ ಲೆಕ್ಕವಾಗುವ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ನಿಮ್ಮ ಮೂಲ ಪಗಾರ 40,000 ಇದ್ದರೂ ಹೆಚ್ಚಿನ ಪಿಂಚಣಿಯ ಆಯ್ಕೆ (ಪೂರ್ತಿ ಪಗಾರದ ಮೇಲೆ ಪಿಂಚಣಿ ಪಡೆಯುವುದು) ಮಂಜೂರಾಗಿರದಿದ್ದರೆ ಲೆಕ್ಕಕ್ಕೆ ಬರುವುದು 15,000 ಮಾತ್ರ. 2014ರ ಸೆಪ್ಟೆಂಬರಿಗಿಂತ ಹಿಂದಿನ ಸೇವೆಗೆ 6,500. 1996ರ ಸೆಪ್ಟೆಂಬರಿನಲ್ಲಿ ಸೇರಿ 2026ರ ಆಗಸ್ಟಿನಲ್ಲಿ 58 ತುಂಬಿದವರನ್ನು ತೆಗೆದುಕೊಳ್ಳಿ. ಹಿಂದಿನ 18 ವರ್ಷಕ್ಕೆ 1,671, ನಂತರದ 12 ವರ್ಷಕ್ಕೆ 2,571. ಇಪ್ಪತ್ತು ವರ್ಷ ದಾಟಿದವರಿಗೆ ಸಿಗುವ ಎರಡು ವರ್ಷದ ಬೋನಸ್ ಸೇರಿಸಿದರೆ ಒಟ್ಟು 4,400ರಿಂದ 4,700ರ ನಡುವೆ ನಿಲ್ಲುತ್ತದೆ. ಮೂವತ್ತು ವರ್ಷದ ದುಡಿಮೆಗೆ ಇಷ್ಟೇ ಎಂಬುದು ಅನ್ಯಾಯ ಅನಿಸುವುದು ಸಹಜ. ಆದರೆ ಸಂಸಾರದ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

ಸೇವೆಯ ವರ್ಷ ಕಳೆದುಹೋಗುವುದು ಹೆಚ್ಚಾಗಿ ಗುತ್ತಿಗೆ ಕಾರ್ಮಿಕರಿಗೆ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಪಿಎಫ್ ಖಾತೆ, ಕೆಲವೊಮ್ಮೆ ಹೊಸ ಯುಎಎನ್ (ಒಬ್ಬರಿಗೆ ಒಂದೇ ಇರಬೇಕಾದ ಪಿಎಫ್ ಸದಸ್ಯ ಸಂಖ್ಯೆ) ಕೂಡ ಹುಟ್ಟಿಕೊಂಡಿರುತ್ತದೆ. ಎಲ್ಲವನ್ನೂ ಒಂದೇ ಯುಎಎನ್‌ಗೆ ವರ್ಗಾಯಿಸದಿದ್ದರೆ ಹಳೆಯ ವರ್ಷಗಳು ಪಿಂಚಣಿಗೆ ಸೇರುವುದಿಲ್ಲ. ಒಟ್ಟು ಸೇವೆ 10 ವರ್ಷ ಮುಟ್ಟದಿದ್ದರೆ ಪಿಂಚಣಿಯೇ ಇಲ್ಲ. ಆದ್ದರಿಂದ ನಿವೃತ್ತಿಗೆ ಒಂದು ವರ್ಷ ಮೊದಲೇ ಪಿಎಫ್ ಪೋರ್ಟಲಿನಲ್ಲಿ ಸೇವಾ ವಿವರ ತೆಗೆದು ನೋಡಿ. ಪ್ರತಿ ಕಡೆಯೂ ಸೇರಿದ ದಿನಾಂಕ, ಬಿಟ್ಟ ದಿನಾಂಕ ಎರಡೂ ಇರಬೇಕು. ಆಧಾರಿನಲ್ಲಿರುವ ಹೆಸರು, ಜನ್ಮದಿನಾಂಕ ಪಿಎಫ್ ದಾಖಲೆಗೆ ಅಕ್ಷರಶಃ ಹೊಂದಬೇಕು. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ತಂದೆಯ ಹೆಸರು ಮಾತ್ರ ಇರುವುದು ಬಹಳ. ಅದನ್ನು ಮಾಲೀಕರ ಜೊತೆ ಜಂಟಿ ಘೋಷಣೆ ಕೊಟ್ಟು ತಿದ್ದಿಸಬೇಕು. ನೀವಿನ್ನೂ ಕೆಲಸದಲ್ಲಿರುವಾಗ ಮಾಲೀಕರ ಸಹಿ ಸುಲಭ, ಗುತ್ತಿಗೆದಾರ ಊರು ಬಿಟ್ಟ ಮೇಲೆ ಬಹಳ ಕಷ್ಟ. ಆನ್‌ಲೈನಿನಲ್ಲಿ ಬಗೆಹರಿಯದಿದ್ದರೆ ಪಿಎಫ್ ಇಲಾಖೆ ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ನಡೆಸುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಕಾಗದ ಸಮೇತ ಹೋಗಿ.

ಪಿಂಚಣಿ ಯಾವಾಗಿಂದ ತೆಗೆದುಕೊಳ್ಳಬೇಕು? 50 ದಾಟಿದ ಮೇಲೆ ಬೇಗ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟು ವರ್ಷಕ್ಕೆ ಶೇ. 4ರಂತೆ ಕಡಿತ, ಅದೂ ಜೀವನಪೂರ್ತಿ. ಇದನ್ನು ಮಾಡಬೇಡಿ. 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4 ಹೆಚ್ಚು ಬರುತ್ತದೆ. ಕೇಳಲು ಚೆನ್ನ, ಲೆಕ್ಕಕ್ಕೆ ಚೆನ್ನಲ್ಲ. 4,500 ಬರುವವರು ಎರಡು ವರ್ಷ ಕಾದರೆ 1,08,000 ಕೈಬಿಡುತ್ತಾರೆ, ತಿಂಗಳಿಗೆ ಹೆಚ್ಚು ಸಿಗುವುದು ಸುಮಾರು 367. ಬಿಟ್ಟ ರೊಕ್ಕ ತಿರುಗಿ ಬರಲು 24 ವರ್ಷ ಬೇಕು. 58ಕ್ಕೇ ತೆಗೆದುಕೊಳ್ಳಿ. ಪಿಂಚಣಿ ಅರ್ಜಿಯಾದ ನಮೂನೆ 10ಡಿ ಸಲ್ಲಿಸುವಾಗ ಗಂಡ–ಹೆಂಡತಿಯ ಜಂಟಿ ಭಾವಚಿತ್ರ, ಬ್ಯಾಂಕ್ ಪಾಸ್‌ಬುಕ್, ಇಬ್ಬರ ಆಧಾರ್ ಬೇಕು. ಇ-ನಾಮಿನೇಷನ್ (ಪಿಎಫ್ ಪೋರ್ಟಲಿನಲ್ಲಿ ವಾರಸುದಾರರ ನಮೂದು) ಮೊದಲೇ ಆಗಿದ್ದರೆ ಮನೆಯಿಂದಲೇ ಸಲ್ಲಿಸಬಹುದು. 2025ರ ಜನವರಿಯಿಂದ ಪಿಂಚಣಿ ಯಾವ ಬ್ಯಾಂಕಿನ ಯಾವ ಶಾಖೆಗಾದರೂ ಬರುತ್ತದೆ. ಹಟ್ಟಿ ಕ್ಯಾಂಪ್ ಬಿಟ್ಟು ಸ್ವಂತ ಊರಿಗೆ ಹೋದವರು ಖಾತೆ ಬದಲಿಸಲು ಓಡಾಡಬೇಕಿಲ್ಲ.

ಒಟ್ಟಿಗೆ ಬಂದ ರೊಕ್ಕ

ನಿವೃತ್ತಿಯ ನಿಜವಾದ ಆಧಾರ ತಿಂಗಳ ಪಿಂಚಣಿಯಲ್ಲ, ಪಿಎಫ್ ಮತ್ತು ಗ್ರಾಚ್ಯುಟಿ. ಗ್ರಾಚ್ಯುಟಿಯ ಲೆಕ್ಕ: ಕೊನೆಯ ಮೂಲ ಪಗಾರ ಮತ್ತು ತುಟ್ಟಿಭತ್ಯೆಯ 26ರಲ್ಲಿ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸುವುದು. 30 ದಿನದೊಳಗೆ ಕೊಡಬೇಕೆಂದು ಕಾನೂನಿದೆ. ಕಂಪನಿ ಕ್ವಾರ್ಟರ್ಸಿನಲ್ಲಿ ಇರುವವರು ನಿವೃತ್ತಿಯ ತಿಂಗಳಲ್ಲೇ ಮನೆ ಖಾಲಿ ಮಾಡಿ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಕರೆಂಟು, ನೀರಿನ ಸಣ್ಣ ಬಾಕಿಗೂ ಅಂತಿಮ ಲೆಕ್ಕ ತಿಂಗಳುಗಟ್ಟಲೆ ನಿಲ್ಲುತ್ತದೆ.

ಎರಡೂ ಸೇರಿ 18 ಲಕ್ಷ ಬಂತು ಎನ್ನಿ. ಎರಡು ಲಕ್ಷ ಸಾಮಾನ್ಯ ಎಫ್‌ಡಿಯಲ್ಲಿ ಇರಲಿ, ಆಸ್ಪತ್ರೆ ಖರ್ಚಿಗೆಂದೇ. ಹತ್ತು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. 2025-26ರಲ್ಲಿ ಅದರ ಬಡ್ಡಿ ಶೇ. 8.2, ಸೇರಿದ ದಿನದ ದರವೇ ಐದು ವರ್ಷ ಉಳಿಯುತ್ತದೆ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ಬರುತ್ತದೆ, ತಿಂಗಳ ಲೆಕ್ಕದಲ್ಲಿ 6,833. ಪಿಂಚಣಿಯ ಜೊತೆ ಸೇರಿದರೆ 11,300ರ ಮೇಲೆ. 60 ತುಂಬದವರೂ ಸೇರಬಹುದು, ಆದರೆ 55 ದಾಟಿರಬೇಕು, ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ ಕಂಪನಿಯ ಪತ್ರದೊಂದಿಗೆ ಹೋಗಬೇಕು. ಆ ಮೂರು ತಿಂಗಳು ತಪ್ಪಿದರೆ 60ರವರೆಗೆ ಕಾಯಬೇಕಾಗುತ್ತದೆ. ಮಡದಿಯನ್ನು ಜಂಟಿ ಖಾತೆದಾರರನ್ನಾಗಿ ಮಾಡಿ, ನಿಮ್ಮ ನಂತರ ಅದೇ ಖಾತೆ ಅವರು ಮುಂದುವರಿಸಬಹುದು. ಬಡ್ಡಿ ಬಂದ ತಿಂಗಳೇ ಖರ್ಚಾಗಿ ಮುಂದಿನ ಎರಡು ತಿಂಗಳು ಕೈ ಖಾಲಿಯಾಗುವುದು ಎಲ್ಲರ ಮನೆಯ ಕಥೆ. ಹಾಗಾಗದಂತೆ ಬಡ್ಡಿ ಬೇರೊಂದು ಉಳಿತಾಯ ಖಾತೆಗೆ ಬೀಳುವಂತೆ ಮಾಡಿ, ಅಲ್ಲಿಂದ ತಿಂಗಳಿಗೆ 6,800 ಮಾತ್ರ ತೆಗೆಯಿರಿ.

ಉಳಿದ ಆರು ಲಕ್ಷವನ್ನು ಹತ್ತು ವರ್ಷ ಮುಟ್ಟಲೇಬಾರದು. ಬಡ್ಡಿ ತೆಗೆಯದೆ ಅಸಲಿಗೆ ಸೇರಿಸುವ ಠೇವಣಿಯಲ್ಲಿ ಶೇ. 7 ಸಿಕ್ಕರೂ ಹತ್ತು ವರ್ಷಕ್ಕೆ ಅದು 11.8 ಲಕ್ಷವಾಗುತ್ತದೆ. ಬೆಲೆ ದುಪ್ಪಟ್ಟಾಗಿ ಪಿಂಚಣಿ ನಿಂತಲ್ಲೇ ನಿಂತಿರುವ 68–70ರ ಹೊತ್ತಿಗೆ ಎರಡನೇ ಆದಾಯ ಹುಟ್ಟುವುದು ಇದರಿಂದಲೇ. ಇಡೀ 18 ಲಕ್ಷವನ್ನೂ ಮೊದಲ ದಿನವೇ ಬಡ್ಡಿಗೆ ಹಾಕಿ ತಿಂಗಳಿಗೆ ಹದಿನೇಳು ಸಾವಿರ ಖರ್ಚು ಮಾಡುವವರು ಆರಂಭದಲ್ಲಿ ಚೆನ್ನಾಗಿಯೇ ಇರುತ್ತಾರೆ. ಹತ್ತು ವರ್ಷದ ನಂತರ ಅವರಿಗೆ ದಾರಿ ಇರುವುದಿಲ್ಲ.

ಇದೇ ಹಣದ ಮೇಲೆ ಊರಿನವರ ಕಣ್ಣೂ ಇರುತ್ತದೆ. ಸೌಹಾರ್ದ ಪತ್ತಿನ ಸಹಕಾರಿಗಳು ಬ್ಯಾಂಕಿಗಿಂತ ಒಂದೆರಡು ಶೇಕಡ ಹೆಚ್ಚು ಬಡ್ಡಿ ಕೊಡುತ್ತವೆ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ, ಪತ್ತಿನ ಸಹಕಾರಿಗಳಿಗೆ ಆ ವಿಮೆ ಇಲ್ಲ. ಅಲ್ಲಿ ಕೆಲಸ ಮಾಡುವವರು ನೆಂಟರೇ ಆಗಿರಬಹುದು, ಬೇಡ ಎನ್ನಿ. ಮಗನ ಟ್ರ್ಯಾಕ್ಟರಿಗೆ ಜಾಮೀನು ನಿಲ್ಲುವುದೂ, ಹೊಲ ಲೀಜಿಗೆ ಹಿಡಿಯುವುದೂ ಇಂಥದ್ದೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದ ವರ್ಷ ಲೀಜಿಗೆ ಕೊಟ್ಟ ರೊಕ್ಕ ತಿರುಗಿ ಕೇಳಲೂ ಮನಸ್ಸಾಗದು.

ಜೀವನ ಪ್ರಮಾಣಪತ್ರ

ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಕೊಡುವ ಈ ಪತ್ರ ತಪ್ಪುವುದೇ ಪಿಂಚಣಿ ನಿಲ್ಲುವುದಕ್ಕೆ ದೊಡ್ಡ ಕಾರಣ. ಇಪಿಎಸ್‌ನವರು ನವೆಂಬರಿನಲ್ಲೇ ಸರದಿ ನಿಲ್ಲಬೇಕಿಲ್ಲ. ವರ್ಷದ ಯಾವ ತಿಂಗಳಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಗಣಿ, ಗಿರಣಿಗಳಲ್ಲಿ ದುಡಿದವರ ಬೆರಳ ಗೆರೆ ಸವೆದಿರುವುದರಿಂದ ಬೆರಳಚ್ಚು ಯಂತ್ರ ಒಪ್ಪುವುದಿಲ್ಲ. ಮುಖ ತೋರಿಸಿ ಮಾಡುವುದೇ ಸರಿಯಾದ ದಾರಿ. ಆಂಡ್ರಾಯ್ಡ್ ಫೋನಿನಲ್ಲಿ ‘ಆಧಾರ್ ಫೇಸ್ ಆರ್‌ಡಿ’, ‘ಜೀವನ್ ಪ್ರಮಾಣ್’ ಎರಡೂ ಆ್ಯಪ್ ಇಳಿಸಿ. ಮೊದಲು ಫೋನ್ ನಡೆಸುವವರು, ಮಗನೋ ಮೊಮ್ಮಗಳೋ, ತಮ್ಮ ಆಧಾರ್ ಮತ್ತು ಮುಖದಿಂದ ಒಳಹೋಗಬೇಕು. ಆಮೇಲೆ ಪಿಂಚಣಿದಾರರ ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ ತುಂಬಿ, ಮಂಜೂರಾತಿ ಪ್ರಾಧಿಕಾರದ ಜಾಗದಲ್ಲಿ ಇಪಿಎಫ್ಒ (ಪಿಎಫ್ ಇಲಾಖೆ) ಆರಿಸಿ. ಕನ್ನಡಕ ತೆಗೆದು, ಬೆಳಕಿಗೆ ಮುಖ ಮಾಡಿ ಕುಳಿತು, ಕಣ್ಣು ಮಿಟುಕಿಸಿದರೆ ಚಿತ್ರ ತೆಗೆದುಕೊಳ್ಳುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ವಿಫಲವಾಗುತ್ತದೆ. ಬರುವ ಎಸ್‌ಎಂಎಸ್ ಪ್ರಮಾಣಪತ್ರ ಹುಟ್ಟಿದ್ದಕ್ಕೆ ಮಾತ್ರ, ಇಲಾಖೆ ಒಪ್ಪಿದ್ದಕ್ಕಲ್ಲ. ಪಿಪಿಒ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ತಿರಸ್ಕಾರವಾಗುವುದರಿಂದ ಒಂದು ವಾರ ಬಿಟ್ಟು ಪಿಎಫ್ ಪೋರ್ಟಲಿನಲ್ಲಿ ನೋಡಿ. ಮರೆತು ಪಿಂಚಣಿ ನಿಂತರೂ ಗಾಬರಿ ಬೇಡ, ಪ್ರಮಾಣಪತ್ರ ಕೊಟ್ಟ ಮೇಲೆ ಬಾಕಿ ಸೇರಿ ಬರುತ್ತದೆ. ಹಾಸಿಗೆ ಹಿಡಿದವರಿಗೆ ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. ‘ಪ್ರಮಾಣಪತ್ರ ನವೀಕರಿಸುತ್ತೇವೆ, ಓಟಿಪಿ ಹೇಳಿ’ ಎಂದು ಬರುವ ಫೋನು ಮೋಸದ್ದು. ರೊಕ್ಕ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಮನೆ, ಅಡುಗೆ, ಬೇಸಿಗೆ

ಸ್ವಂತ ಊರಿನಲ್ಲಿ ಮನೆ ಇದ್ದರೂ ರಾತ್ರಿ ಎದೆನೋವು ಬಂದರೆ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನೋಡಿ ನಿರ್ಧರಿಸಿ. ಲಿಂಗಸೂಗೂರು, ಸಿಂಧನೂರು, ಗಂಗಾವತಿಯಂಥ ತಾಲ್ಲೂಕು ಕೇಂದ್ರದಲ್ಲಿ ಆಸ್ಪತ್ರೆ ಹತ್ತಿರದ ಎರಡು ಕೋಣೆಯ ಮನೆ, 65ರ ನಂತರ ಹಳ್ಳಿಯ ದೊಡ್ಡ ಮನೆಗಿಂತ ಒಳ್ಳೆಯದು.

ಕಾಳುಕಡಿ ವರ್ಷಕ್ಕೊಮ್ಮೆ ಕೊಳ್ಳಿ. ಇಬ್ಬರಿಗೆ ದಿನಾ ರೊಟ್ಟಿ ಇದ್ದರೆ ತಿಂಗಳಿಗೆ 8ರಿಂದ 10 ಕಿಲೊ ಜೋಳ, ಅಂದರೆ ವರ್ಷಕ್ಕೆ ಒಂದು ಕ್ವಿಂಟಲಿನ ಆಸುಪಾಸು. ಹಿಂಗಾರಿ ಜೋಳ ಬರುವ ಫೆಬ್ರುವರಿ–ಮಾರ್ಚಿನಲ್ಲಿ, ತೊಗರಿಯನ್ನು ರಾಶಿ ಮುಗಿಯುವ ಜನವರಿ ಹೊತ್ತಿಗೆ ಕೊಂಡರೆ ಅಗ್ಗ. ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ನೆರಳಲ್ಲಿ ಪೂರ್ತಿ ಆರಿಸಿ, ಒಣ ಬೇವಿನ ಎಲೆ ಹಾಕಿ ಮುಚ್ಚಳದ ಡ್ರಮ್ಮಿಗೆ ತುಂಬಿ. ಬಿಸಿಯಿದ್ದಾಗಲೇ ತುಂಬಿದರೆ ಬೆವರು ಕಟ್ಟಿ ನುಸಿ ಬೀಳುತ್ತದೆ. ಸೋನಾ ಮಸೂರಿ ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ. ಸುಗ್ಗಿಯಲ್ಲಿ ಕೊಂಡು ಆರು ತಿಂಗಳು ಇಟ್ಟು ಉಣ್ಣಿ.

ಏಪ್ರಿಲ್–ಮೇನಲ್ಲಿ ಕರೆಂಟಿನ ಲೆಕ್ಕ ಬದಲಾಗುತ್ತದೆ. ಗೃಹಜ್ಯೋತಿಯಲ್ಲಿ ನಿಮಗೆ ಉಚಿತವಾದದ್ದು 200 ಯೂನಿಟ್ ಅಲ್ಲ, 2022-23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದಷ್ಟು. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು. 200 ವ್ಯಾಟಿನ ಕೂಲರ್ ದಿನಕ್ಕೆ ಎಂಟು ತಾಸು ನಡೆದರೆ ತಿಂಗಳಿಗೆ 48 ಯೂನಿಟ್. ಒಂದು ಟನ್ನಿನ ಎಸಿ ತಾಸಿಗೆ ಸುಮಾರು ಒಂದು ಯೂನಿಟ್, ಅದೊಂದೇ 240. ನಮ್ಮ ಒಣ ಬಿಸಿಲಿಗೆ ಕೂಲರೇ ಸಾಕು, ಕಿಟಕಿ ಸ್ವಲ್ಪ ತೆರೆದಿಡಬೇಕು, ಮುಚ್ಚಿದರೆ ಕೋಣೆ ಹಬೆಯಾಗುತ್ತದೆ.

ಆಸ್ಪತ್ರೆ ವಿಷಯದಲ್ಲಿ ಒಂದು ಕ್ರಮ ಪಾಲಿಸಿದರೆ ಬಹಳ ಉಳಿಯುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ. ಅಲ್ಲಿ ಸಿಗದ್ದನ್ನು ಜನೌಷಧಿ ಅಂಗಡಿಯಲ್ಲಿ ಕೊಳ್ಳಲು ವೈದ್ಯರಿಂದ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ, ಉದಾಹರಣೆಗೆ ರಾಯಚೂರಿನ ರಿಮ್ಸ್‌ನಿಂದ, ಶಿಫಾರಸು ಪತ್ರ ಬೇಕು. ನೇರ ಖಾಸಗಿಗೆ ಹೋಗಿ ಸೇರಿದವರು ಆ ಪತ್ರವಿಲ್ಲದೆ ಪೂರ್ತಿ ಬಿಲ್ಲು ಕಟ್ಟುತ್ತಾರೆ. ಹೃದಯದ ತೊಂದರೆಗೆ ಕಲಬುರಗಿಯ ಜಯದೇವ ಇದೆ. ಕಂಪನಿಯ ಗುಂಪು ವಿಮೆ ಇರುವವರು ನಿವೃತ್ತಿಗೆ ಮೊದಲೇ ಅದನ್ನು ವೈಯಕ್ತಿಕ ಪಾಲಿಸಿಗೆ ಬದಲಿಸಲು ಅರ್ಜಿ ಹಾಕಿ. ಹೊಸದಾಗಿ ಕೊಂಡರೆ ಹಳೆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು.

ಮನೆ ಮಕ್ಕಳ ಹೆಸರಿಗೆ ಬರೆಯುವ ಒತ್ತಡ ಬಂದರೆ ದಾನಪತ್ರಕ್ಕಿಂತ ಉಯಿಲು ಲೇಸು. ದಾನಪತ್ರವೇ ಆಗಬೇಕೆಂದರೆ ‘ನಮ್ಮಿಬ್ಬರನ್ನು ಜೀವಮಾನ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದೊಳಗೇ ಇರಬೇಕು. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಅದನ್ನು ರದ್ದುಮಾಡಬಹುದು. ಸಲಹೆಗೆ 14567 ಸಹಾಯವಾಣಿ ಇದೆ.

ಮಡದಿಯ ಪಾಲಿನ ಲೆಕ್ಕವನ್ನು ಇಬ್ಬರೂ ಕೂತು ಮಾಡಿ. ಗಂಡ ತೀರಿದರೆ ಅವರಿಗೆ ಬರುವುದು ಅರ್ಧ ಪಿಂಚಣಿ, 4,500 ಇದ್ದದ್ದು 2,250. ಅದು ತಾನಾಗಿ ಬರುವುದಿಲ್ಲ. ಮರಣ ಪ್ರಮಾಣಪತ್ರ, ಪಿಪಿಒ, ಆಧಾರ್, ಪಾಸ್‌ಬುಕ್ ಸಮೇತ ಅವರೇ ಅರ್ಜಿ ಸಲ್ಲಿಸಬೇಕು. ಅವರ ಹೆಸರಿನಲ್ಲೇ ಬೇರೆ ಖಾತೆ, ಅವರದೇ ಫೋನ್ ಸಂಖ್ಯೆಗೆ ಜೋಡಿಸಿದ ಆಧಾರ್ ಈಗಲೇ ಮಾಡಿಸಿ. ಎಫ್‌ಡಿಗಳ ಮೇಲೆ ನಾಮಿನಿಯಾಗಿ ಅವರ ಹೆಸರು ಆಧಾರಿನಲ್ಲಿರುವಂತೆಯೇ ಇರಲಿ. ಪಿಪಿಒ ಪ್ರತಿ, ಠೇವಣಿ ರಸೀದಿ, ವಿಮೆ ಪತ್ರ ಒಂದೇ ಚೀಲದಲ್ಲಿಟ್ಟು, ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಮಾಡುವ ದಿನ ಆ ಚೀಲವನ್ನು ಅವರ ಕೈಯಿಂದಲೇ ತೆರೆಸಿ, ಒಂದೊಂದು ಕಾಗದ ಯಾತಕ್ಕೆಂದು ಹೇಳಿ.