ಮಾತ್ರೆ ಡಬ್ಬಿ ಯಾರ ಕೈಯಲ್ಲಿತ್ತು?

ಇಪ್ಪತ್ತು ವರ್ಷದಿಂದ ಮೈಸೂರಿನಲ್ಲಿ ಪದವಿ ತರಗತಿಗಳಿಗೆ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಗುರಿ, ಪ್ರೇರಣೆಯ ಅಧ್ಯಾಯವನ್ನು ಪುಸ್ತಕ ತೆರೆಯದೆ ಒಪ್ಪಿಸಬಲ್ಲೆ. ಆದರೂ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) ಶೇ 8.1 ಎಂದು ರಿಪೋರ್ಟ್ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಊರಿಗೆಲ್ಲ ಡಂಗುರ ಸಾರಿದ್ದು. ನಾಳೆಯಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೊಸ ಬೂಟಿನ ಫೋಟೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಶಹಬ್ಬಾಸ್‌ಗಳು ಬಂದವು. ನಡೆದದ್ದು ನಾಲ್ಕು ದಿನ.

ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಪ್ರತಿವರ್ಷ ಹೇಳಿಕೊಡುವವಳು ನಾನೇ. ವಕೀಲರಾಗುವ ತಮ್ಮ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆಂದು ಗೊತ್ತಾದ ಕಾನೂನು ವಿದ್ಯಾರ್ಥಿಗಳು, ಆಮೇಲೆ ಕೊಟ್ಟ ಅಭ್ಯಾಸಕ್ಕೆ ಕಡಿಮೆ ಹೊತ್ತು ಕೂತರು. ಮೆಚ್ಚುಗೆ ಸಿಕ್ಕೊಡನೆ ಅರ್ಧ ವಕೀಲರಾಗಿಬಿಟ್ಟ ಹಾಗೆ. ಹೇಳಿಕೊಂಡ ಗುರಿಯೆಲ್ಲ ಕೆಡುತ್ತದೆಂದಲ್ಲ. 'ಇಂಥವಳು' ಎನ್ನಿಸಿಕೊಳ್ಳುವ ಆಸೆ ಅದರಲ್ಲಿ ಬೆರೆತಾಗ ಈ ಅಪಾಯ ಹೆಚ್ಚು. ನನ್ನ ಬೂಟಿನ ಫೋಟೊದಲ್ಲಿ ಅದಲ್ಲದೆ ಬೇರೇನೂ ಇರಲಿಲ್ಲ.

ಆಮೇಲೆ ನಮ್ಮವರು ಹೊಣೆ ಹೊತ್ತರು. ನಿವೃತ್ತರು, ಶಿಸ್ತಿನ ಮನುಷ್ಯ. ಐದೂಮುಕ್ಕಾಲಿಗೆ ಅಲಾರಂ, ಏಳು ಖಾನೆಗಳ ಮಾತ್ರೆ ಡಬ್ಬಿ, ಬಟ್ಟಲಲ್ಲಿ ಅಳೆದ ಅನ್ನ. ನನಗೆ ಹಾಯೆನಿಸಿತು, ಅಲ್ಲೇ ಎಡವಿದೆ. ಅವರು ಹುಬ್ಬಳ್ಳಿಯ ಮದುವೆಗೆ ಹೋದಾಗ ಬುಧವಾರ ರಾತ್ರಿ ಡಬ್ಬಿ ತೆರೆದರೆ ಸೋಮವಾರ, ಮಂಗಳವಾರದ ಮಾತ್ರೆಗಳು ಬೆಳ್ಳಗೆ ಹಾಗೇ ಕೂತಿದ್ದವು. ಮಂಗಳವಾರ ಕ್ಯಾಂಟೀನಿನಲ್ಲಿ ಎರಡು ಮದ್ದೂರು ವಡೆ ತಿಂದದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಮುಂದಿನ ರಿಪೋರ್ಟ್ 8.3.

ಇದಕ್ಕೂ ಒಂದು ಅಧ್ಯಯನವಿದೆ, ಏನು ಮಾಡುವುದು! ಅಮೆರಿಕದ ಗ್ರಾನ್ಯಾ ಫಿಟ್ಸಿಮನ್ಸ್ ಮತ್ತು ಎಲಿ ಫಿಂಕೆಲ್ 2011ರಲ್ಲಿ ತೋರಿಸಿದ್ದು ಇದನ್ನೇ. ಆರೋಗ್ಯದ ವಿಷಯದಲ್ಲಿ ಸಂಗಾತಿ ತಮಗೆ ಹೇಗೆ ನೆರವಾಗುತ್ತಾರೆಂದು ನೆನೆಸಿಕೊಂಡ ಹೆಂಗಸರು, ಮುಂದಿನ ವಾರ ತಾವು ಕಡಿಮೆ ಶ್ರಮ ಹಾಕಿದರಾಯಿತೆಂದು ಯೋಜಿಸಿಕೊಂಡರು. ಅವರಿದ್ದಾರಲ್ಲ, ಮತ್ತೇನು?

ಡಬ್ಬಿಯನ್ನು ವಾಪಸು ಇಸಿದುಕೊಂಡೆ. "ರೀ, ಇನ್ನು ನನಗೆ ನೆನಪಿಸಬೇಡಿ. ಬೆಳಿಗ್ಗೆ ಅತ್ತೆಯ ಕಾಫಿ ಮಾತ್ರ ನೀವು ಮಾಡಿಕೊಡಿ" ಎಂದೆ. ಎರಡು ದಿನ ಅವರ ಮುಖ ದಪ್ಪಗಿತ್ತು. ಆದರೆ ಯೋಚಿಸಿ ನೋಡಿ: ನಡಿಗೆ ನಿಂತದ್ದು ನಾನು ಏಳದ್ದರಿಂದ ಎಂಬುದೇ ಸುಳ್ಳು. ಅಲಾರಂ ಹೊಡೆದರೆ ಏಳುತ್ತಿದ್ದೆ. ಎದ್ದವಳು ನೇರ ಒಲೆಯ ಮುಂದೆ ನಿಲ್ಲುತ್ತಿದ್ದೆ. ಕಾಫಿ, ತಿಂಡಿ, ಡಬ್ಬಿ ಊಟ ಎನ್ನುವಷ್ಟರಲ್ಲಿ ಏಳೂವರೆ. ಛಲ ಸಾಲದೆಂದು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಒಲೆಯಿಂದ ಬಿಡುವಾಗಿ ನಡಿಗೆಗೆ ಸಿಗುವ ಮುಕ್ಕಾಲು ಗಂಟೆ.

ಹೋಳಿಗೆ ಕಷ್ಟದ್ದು. "ಹಬ್ಬದ ದಿನ ಒಂದಕ್ಕೆ ಏನಾಗುತ್ತದೆ?" ಎಂದು ಅತ್ತೆ ತುಪ್ಪದ ಸಮೇತ ಬಂದು ನಿಂತರೆ ಬೇಡವೆನ್ನುವುದು ಅವರನ್ನೇ ಬೇಡವೆಂದಂತೆ. ಇಂಥ ಸಂದರ್ಭ ಬಂದರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಟ್ಟಿಮಾಡಿಕೊಳ್ಳುವ ಉಪಾಯವೂ ಗಾಲ್ವಿಟ್ಜರ್ ಅವರದೇ; 1999ರ ಲೇಖನ. ಡೈರಿಯಲ್ಲಿ ಬರೆದೆ: 'ಅತ್ತೆ ಹೋಳಿಗೆ ತಂದರೆ, ಅರ್ಧ ಮುರಿದು ಅವರಿಗೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.' ಯುಗಾದಿಯಂದು ಹಾಗೇ ಮಾಡಿದೆ. ಎಲ್ಲರಿಗೂ ಬಡಿಸಿದ ಮೇಲೆಯೇ ಉಣ್ಣುವ ಅತ್ತೆ ಅಂದು ನಮ್ಮ ಜೊತೆ ಕೂತರು. ಅರ್ಧ ಹೋಳಿಗೆಯಲ್ಲೂ ಬೆಲ್ಲವಿದೆ, ಗೊತ್ತು.

ಕಳೆದ ರಿಪೋರ್ಟ್ 7.2. ಮಾತ್ರೆಯ ಪಾಲೂ ಇದರಲ್ಲಿದೆ, ಎಲ್ಲವೂ ನಡಿಗೆಯದಲ್ಲ. ನಮ್ಮವರ ಡಿಕಾಕ್ಷನ್ ಇನ್ನೂ ನೀರು ನೀರು. ಅತ್ತೆ ದಿನಾ ದೂರುತ್ತಾರೆ, ಲೋಟ ಮಾತ್ರ ಖಾಲಿಯಾಗುತ್ತದೆ.